ಗೋಡೆಗೆ ತೂಗುಬಿಟ್ಟ ಸೋಮ

ದುದ್ದದ ಕಡೆಯ ಊರಹಬ್ಬಗಳಲ್ಲಿ ಸೋಮನ ಕುಣಿತ ಕಂಡವರಿಗೆ ಗೊತ್ತು: ಮರದಲ್ಲಿ ಕೆತ್ತಿ ಬಣ್ಣ ಬಳಿದ ಆ ಮುಖ ಗ್ರಾಮದೇವತೆಯ ಕಾವಲುಗಾರ. ಕೆಂಪು ಮುಖದವನು ಕೆಂಚರಾಯ. ಅದನ್ನು ಗೋಡೆಗೆ ತೂಗುಬಿಟ್ಟು ನೋಡುವ ನಮ್ಮ ಕಲಾವಿಮರ್ಶೆ ಕೆತ್ತನೆಯನ್ನಷ್ಟೇ ಹೊಗಳುತ್ತದೆ. ಹೊತ್ತು ಕುಣಿಯುವ ದೇಹ, ಅರೆಯ ಬಡಿತ, ಎದುರು ನಿಂತ ಊರು ಅದಕ್ಕೆ ಕಾಣುವುದಿಲ್ಲ.

ಕೆನಡಾದ ಕ್ವಾಕ್ವಕವಾಕ್ವ ಜನರ ಪ್ರಾಣಿಮುಖಗಳನ್ನು 1921ರ ಪಾಟ್‌ಲ್ಯಾಚ್ ಕೂಟದ ನಂತರ ಸರ್ಕಾರ ಕಿತ್ತುಕೊಂಡಿತು. ಅವು ದೂರದ ಮ್ಯೂಸಿಯಂಗಳಿಗೆ ಹಂಚಿಹೋದವು. ಜನ ಪಟ್ಟುಹಿಡಿದು ಕೇಳಿದರು. ಮರಳಿದವುಗಳಿಗಾಗಿ 1980ರಲ್ಲಿ ಅಲರ್ಟ್ ಬೇಯಲ್ಲಿ ಉಮಿಸ್ತ ಕೇಂದ್ರ ತೆರೆಯಿತು.

ಉರ್ದುವಿನಲ್ಲಿ ಅಮಾನತ್ ಎಂಬ ಮಾತಿದೆ: ಕಾಪಾಡಿ ಒಡೆಯನಿಗೆ ಹಿಂದಿರುಗಿಸಬೇಕಾದ್ದು. ಸೋಮನ ಮುಖವೂ ಊರಿನ ಅಮಾನತ್ತು. ಅದನ್ನು ಅರಿಯಲು ನಾವು ಆರಾಧಕರಾಗಬೇಕಿಲ್ಲ. ಕುಣಿದವನ ಹೆಸರು ಕೇಳುವಷ್ಟು ಅದಬು ಇದ್ದರೆ ಸಾಕು.