ಅವ್ಯಕ್ತದ ಬೆಲೆ

ಲೆಕ್ಕದ ಪುಸ್ತಕವನ್ನು ಸಾಹಿತ್ಯದ ಪುಟದಲ್ಲಿ ವಿಮರ್ಶಿಸುವುದುಂಟೆ ಎಂದು ವಾಚಕರು ಹುಬ್ಬೇರಿಸಬಹುದು. ಆದರೆ ಬೀಜಗಣಿತದ ಸಮಸ್ಯೆಯೂ ಒಂದು ಕಿರುಗತೆಯೇ. ಅಲ್ಲಿ ಪಾತ್ರವಿದೆ, ಸಂದರ್ಭವಿದೆ, ಕೊನೆಯವರೆಗೂ ಮರೆಯಾಗಿರುವ ಒಂದು ಸಂಗತಿಯಿದೆ. ಕಥೆ ಹುಸಿಯಾದರೆ, ಲೆಕ್ಕ ಸರಿಯಿದ್ದರೂ ಮಗುವಿನ ಮನಸ್ಸು ಒಳಗೆ ಹೋಗುವುದಿಲ್ಲ.

ಸಿಂದಗಿಯ ನಮ್ಮ ಮನೆಯಲ್ಲಿ ಅಣ್ಣನ ಮಗಳು ಹತ್ತನೆಯ ತರಗತಿಯ ಗಣಿತದಲ್ಲಿ ನಪಾಸಾಗಿ ಎರಡನೆಯ ಸಲ ಪರೀಕ್ಷೆಗೆ ಕೂಡ್ರುವವಳಿದ್ದಳು. ಈ ಸಲವೂ ಆಗದಿದ್ದರೆ ಶಾಲೆ ಸಾಕು ಎಂಬ ಮಾತು ಎದ್ದಿತ್ತು. ಆ ನಿಮಿತ್ತವಾಗಿ ನಾನು ಅವಳ ಪುಸ್ತಕವನ್ನು ಓದಿದೆ.

ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳ ಅಧ್ಯಾಯ ಜಾತ್ರೆಯಿಂದ ಆರಂಭವಾಗುತ್ತದೆ. ಅಖಿಲಾ ಎಂಬ ಹುಡುಗಿ ದೊಡ್ಡ ತೊಟ್ಟಿಲಲ್ಲಿ ಕುಳಿತು ಸುತ್ತುತ್ತಾಳೆ. ಬಳೆ ಎಸೆದು ಸಾಮಾನು ಗೆಲ್ಲುವ ಆಟವನ್ನೂ ಆಡುತ್ತಾಳೆ. ತೊಟ್ಟಿಲಿಗೆ 3 ರೂಪಾಯಿ, ಆಟಕ್ಕೆ 4. ಒಟ್ಟು ಖರ್ಚು 20. ಆಟ ಆಡಿದ್ದು ತೊಟ್ಟಿಲು ಹತ್ತಿದ್ದರ ಅರ್ಧದಷ್ಟು ಸಲ. ಉತ್ತರ, ತೊಟ್ಟಿಲು 4 ಸಲ, ಆಟ 2 ಸಲ.

"ಕಾಕಾ, ಅರ್ಧ ಅನ್ನೂದು ನೆನಪದ, ಎಷ್ಟ ಸಲ ಕುಂತೆ ಅನ್ನೂದು ನೆನಪಿಲ್ಲೇನ್ರೀ ಆಕಿಗೆ?" ಎಂದು ಹುಡುಗಿ ಕೇಳಿದಳು. ವಿಮರ್ಶಕನಿಗೆ ಹೆಚ್ಚೇನೂ ಹೇಳಲು ಉಳಿಯಲಿಲ್ಲ. ಇಲ್ಲಿ ಅಜ್ಞಾತವು ಸಂದರ್ಭದಿಂದ ಹುಟ್ಟಿದ್ದಲ್ಲ, ಲೇಖಕರ ಅನುಕೂಲಕ್ಕಾಗಿ ಹುಟ್ಟಿದ್ದು.

ಇದರ ಪಕ್ಕಕ್ಕೆ ಒಂದು ಹಳೆಯ ಲೆಕ್ಕವನ್ನಿಡುತ್ತೇನೆ. ನಮ್ಮೂರಿನಿಂದ ಪೂರ್ವಕ್ಕೆ, ಭೀಮೆಯ ಆಚೆ ಇರುವ ಮಳಖೇಡದಲ್ಲಿ ನೃಪತುಂಗ ಅಮೋಘವರ್ಷ ಆಳುತ್ತಿದ್ದ ಒಂಬತ್ತನೆಯ ಶತಮಾನದಲ್ಲಿ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ಬರೆದನು. 1912ರಲ್ಲಿ ರಂಗಾಚಾರ್ಯರು ಅದನ್ನು ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಅಚ್ಚು ಮಾಡಿಸಿದರು; 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಹೊರಬಂತು. ಅದರ ಮಿಶ್ರಕವ್ಯವಹಾರದಲ್ಲಿ ಈ ಲೆಕ್ಕವಿದೆ: 9 ಮಾದಲ ಹಣ್ಣಿಗೂ 7 ಬೇಲದ ಹಣ್ಣಿಗೂ ಕೂಡಿ ಬೆಲೆ 107, 7 ಮಾದಲಕ್ಕೂ 9 ಬೇಲಕ್ಕೂ ಕೂಡಿ 101. ಒಂದೊಂದರ ಬೆಲೆಯೆಷ್ಟು?

ಇಲ್ಲಿ ಬೆಲೆ ತಿಳಿಯದಿರುವುದಕ್ಕೆ ಕಾರಣವುಂಟು: ಹಣ್ಣುಗಳನ್ನು ಕೂಡಿಸಿ ಮಾರಿದ್ದಾರೆ. ಸಂತೆ ಕಂಡವರಿಗೆ ಇದು ಹೊಸದಲ್ಲ. ಮೇಲಾಗಿ ಎರಡು ವಾಕ್ಯಗಳು ಒಂದಕ್ಕೊಂದು ಕನ್ನಡಿ ಹಿಡಿದಂತಿವೆ. ಮಾದಲದ ಜಾಗದಲ್ಲಿ ನಮ್ಮ ಇಂಡಿ-ಸಿಂದಗಿ ಕಡೆಯ ಲಿಂಬಿಹಣ್ಣನ್ನಿಟ್ಟು ಹೇಳಿದೆ. ಹುಡುಗಿ ತುಸು ಹೊತ್ತು ಸುಮ್ಮನಿದ್ದು, "ಎರಡೂ ಕೂಡಿಸಿದ್ರ 16 ಜೋಡಿಗೆ 208, ಒಂದ ಜೋಡಿಗೆ 13. ಅಂದ್ರ 7 ಜೋಡಿಗೆ 91. 107ರಾಗ ಉಳಿದ 16 ರೂಪಾಯಿ ಎರಡ ಲಿಂಬಿದು" ಎಂದಳು. ಲಿಂಬಿಗೆ 8, ಬೇಲಕ್ಕೆ 5. ಆ ಮೇಲೆ ಅಕ್ಷರಗಳನ್ನಿಟ್ಟು ಬರೆಯಲು ಅವಳಿಗೆ ಅಂಜಿಕೆಯಾಗಲಿಲ್ಲ.

ಇನ್ನು 'ಚರಾಕ್ಷರ' ಎಂಬ ಶಬ್ದ. "ಲಿಂಬಿ ರೇಟ ಒಂದ ಇರ್ತದ, ಅದಕ್ಕ ಚರ ಅಂತ ಯಾಕಂತಾರ್ರೀ?" ಎಂಬುದೂ ಅವಳದೇ ಪ್ರಶ್ನೆ. ನಕ್ಷೆಯ ಗೆರೆಯ ಮೇಲೆ ಬೆಲೆಗಳು ಚಲಿಸುವಾಗ ಆ ಶಬ್ದ ಒಪ್ಪುತ್ತದೆ. ಸಂತೆಯ ಲೆಕ್ಕದಲ್ಲಿ ಬೆಲೆ ಚಲಿಸುವುದಿಲ್ಲ, ಮರೆಯಲ್ಲಿರುತ್ತದೆ. 628ರಲ್ಲಿ ಬ್ರಹ್ಮಗುಪ್ತನು ಅದನ್ನು 'ಅವ್ಯಕ್ತ' ಎಂದನು. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯನು ಮೊದಲನೆಯ ಅವ್ಯಕ್ತವನ್ನು 'ಯಾವತ್ತಾವತ್' ಎಂದೂ ಮುಂದಿನವನ್ನು ಕಾಲಕ, ನೀಲಕ ಎಂದು ಬಣ್ಣಗಳ ಹೆಸರಿನಿಂದಲೂ ಕರೆದನು.

ಹಳೆಯದೆಲ್ಲ ಹೊನ್ನೆಂದು ನಾನು ಹೇಳುತ್ತಿಲ್ಲ. ಈ ಬಗೆಯ ಲೆಕ್ಕಕ್ಕೆ ಮಹಾವೀರನು ಕೊಡುವ ಸೂತ್ರ, ಹಣ್ಣುಗಳ ಸಂಖ್ಯೆ ಅದಲುಬದಲಾದಾಗ ಮಾತ್ರ ನಡೆಯುತ್ತದೆ. ಏಕೆ ನಡೆಯುತ್ತದೆಂದು ಸೂತ್ರ ತಿಳಿಸುವುದಿಲ್ಲ. ಇಂದಿನ ಪುಸ್ತಕದ ಆದೇಶ ವಿಧಾನ, ವರ್ಜಿಸುವ ವಿಧಾನಗಳು ಯಾವ ಸಂಖ್ಯೆಗೂ ಸಲ್ಲುತ್ತವೆ, ಕಾರಣವನ್ನೂ ತೋರಿಸುತ್ತವೆ. ಕ್ರಮ ಹೊಸದೇ ಇರಲಿ. ಆದರೆ ಬಾಗಿಲಲ್ಲಿ ನಿಲ್ಲುವ ಕಥೆ ನಂಬುವಂಥದಿರಲಿ, ಹೆಸರು ಅರ್ಥವಾಗುವಂಥದಿರಲಿ.

ಹುಡುಗಿ ಪಾಸಾದಳು. ಆ ಯಶಸ್ಸು ಅವಳದು; ನನ್ನದಲ್ಲ, ಮಹಾವೀರನದೂ ಅಲ್ಲ. ಆದರೆ ಪಠ್ಯಪುಸ್ತಕ ಬರೆಯುವವರು ಮುಂದಿನ ಸಲ ಕೂಡುವಾಗ ಇಂಥ ಹುಡುಗಿಯೊಬ್ಬಳಿಗೆ ಕರಡನ್ನು ಓದಿ ತೋರಿಸಿದರೆ, ನಮ್ಮಂಥ ವಿಮರ್ಶಕರ ಕೆಲಸ ಅರ್ಧ ಕಡಿಮೆಯಾದೀತು.