ಒಂಬತ್ತನೆಯ ದಿನದ ಕಥೆ

ಬಟವಾಡೆಯ ಸಂಜೆ ಎಸ್ಟೇಟಿನ ಗೇಟಿನಿಂದ ಲೈನ್‌ ಮನೆಯವರೆಗಿನ ದಾರಿ ಬಹಳ ಉದ್ದ. ಅಳೆದರೆ ಅರ್ಧ ಮೈಲಿಯೂ ಇರಲಿಕ್ಕಿಲ್ಲ. ಜೇಬಿನಲ್ಲಿ ವಾರದ ಕೂಲಿ, ದಿನವಿಡೀ ಮಳೆಯಲ್ಲಿ ನೆನೆದು ನಡುಗುವ ಮೈ, ತಿರುವಿನಲ್ಲಿ ಕಾದು ನಿಂತ ಇಬ್ಬರು ಗೆಳೆಯರು, ಇಷ್ಟನ್ನೂ ದಾಟಿ ಮನೆ ಮುಟ್ಟಬೇಕು. ಕುಡಿತ ಬಿಟ್ಟು ಹತ್ತು ದಿನ ಕಳೆಯದವನಿಗೆ ಅದು ಘಾಟಿ ಹತ್ತಿದಷ್ಟೇ ಕಷ್ಟ. ಡಾಕ್ಟರ ಚೀಟಿಯಲ್ಲಿ ಈ ದಾರಿಗೆ ಮದ್ದು ಬರೆದಿರುವುದಿಲ್ಲ. ಇದೇ ದಾರಿಯನ್ನು ಇದೇ ಸ್ಥಿತಿಯಲ್ಲಿ ದಾಟಿದ ಇನ್ನೊಬ್ಬನಿಗೆ ಮಾತ್ರ ಆ ಮದ್ದು ಗೊತ್ತು: ‘ನಾನು ಆ ತಿರುವಿಗೆ ಹೋಗೋದೇ ಇಲ್ಲ ಮಾರಾಯ, ಕೆಳಗಿನ ತೋಟದೊಳಗೆ ಹಾಯ್ದು ಹೋಗ್ತೇನೆ.’

ರೋಗಿ ರೋಗಿಗೆ ಹೇಳುವ ಇಂಥ ಮಾತಿನ ಬೆಲೆ ಎಷ್ಟು ಎಂಬುದನ್ನು ತೂಗಿ ನೋಡಬೇಕೆಂದರೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯವರು ದೂರ ಹೋಗಬೇಕಿಲ್ಲ. ಚಾರ್ಮಾಡಿ ಘಾಟಿಯ ಬುಡದ ಬೆಳ್ತಂಗಡಿ ಸೀಮೆಯಲ್ಲಿ 1982ರಲ್ಲಿ ಹುಟ್ಟಿದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಅದರೊಂದಿಗೆ ಬೆಳೆದ ಜನಜಾಗೃತಿ ವೇದಿಕೆ ನಾಡಿನುದ್ದಕ್ಕೂ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತ ಬಂದಿವೆ. ಪ್ರತಿ ಶಿಬಿರಕ್ಕೂ ಒಂದು ಕ್ರಮಸಂಖ್ಯೆ ಉಂಟು, ಆ ಸಂಖ್ಯೆ ಸಾವಿರವನ್ನು ದಾಟಿ ಎಷ್ಟೋ ಮುಂದೆ ಹೋಗಿದೆ. ಕಲ್ಯಾಣ ಮಂಟಪವೋ ಸಮುದಾಯ ಭವನವೋ ಒಂದು ಕಡೆ ಎಂಟು ದಿನ ವಾಸ. ಯೋಗ, ಭಜನೆ, ವೈದ್ಯರ ಉಪನ್ಯಾಸ, ಆಪ್ತ ಸಲಹೆ, ಮನೆಯವರು ಬಂದು ಕೂರುವ ಒಂದು ದಿನ, ಕೊನೆಗೆ ಸಂಕಲ್ಪ. ಇವುಗಳ ನಡುವೆ, ಹಿಂದೆ ಕುಡಿತ ಬಿಟ್ಟವರು ಎದ್ದು ನಿಂತು ತಮ್ಮ ಬದುಕನ್ನು ಹೇಳುವ ಹೊತ್ತೊಂದಿದೆ. ಶಿಬಿರದ ಭಾಷೆಯಲ್ಲಿ ಅದು ‘ಅನುಭವ ಹಂಚಿಕೆ’. ನನ್ನ ಲೆಕ್ಕದಲ್ಲಿ ಶಿಬಿರದ ಜೀವ ಇರುವುದು ಅಲ್ಲಿ. ಶಿಬಿರದ ದೊಡ್ಡ ಕೊರತೆ ಇರುವುದೂ ಅಲ್ಲೇ.

ಮೊದಲು ಜೀವದ ಮಾತು. ಕುಡಿತದ ಕಾಯಿಲೆಗೆ ಒಂದು ವಿಶೇಷ ಗುಣವಿದೆ: ಅದು ತಾನು ಕಾಯಿಲೆಯೇ ಅಲ್ಲ ಎಂದು ರೋಗಿಯನ್ನು ನಂಬಿಸುತ್ತದೆ. ‘ಚಳಿಗೆ ಸ್ವಲ್ಪ’, ‘ಮೈಕೈ ನೋವಿಗೆ ಒಂದು ನೈಂಟಿ’, ‘ಬೇಕೆಂದರೆ ನಾಳೆಯೇ ಬಿಡ್ತೇನೆ’. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಮಳೆ ಹೊಯ್ಯುವ ಸೀಮೆಯಲ್ಲಿ ಈ ಸಬೂಬುಗಳಿಗೆ ಆಧಾರವೂ ಸಿಗುತ್ತದೆ. ಹೆಂಡತಿ ಹೇಳಿದರೆ ಅದು ಜಗಳ, ಸಾಹುಕಾರರು ಹೇಳಿದರೆ ಬೆದರಿಕೆ, ಡಾಕ್ಟರು ಲಿವರ್‌ ಎಂದರೆ ಆ ಪದ ಕಿವಿಯ ಹೊರಗೇ ನಿಲ್ಲುತ್ತದೆ. ಆದರೆ ತನ್ನಂತೆಯೇ ಗಿಡ ಕಸಿ ಮಾಡಿ, ಮರ ಹತ್ತಿ ಮೆಣಸು ಕೊಯ್ದು ಬದುಕಿದ ಒಬ್ಬ ಎದ್ದು, ‘ಬೆಳಿಗ್ಗೆ ಟೀ ಲೋಟ ಹಿಡಿಯೋಕೆ ಕೈ ನಡುಗ್ತಿತ್ತು, ನಡುಕ ನಿಲ್ಲಿಸೋಕೆ ಕುಡೀತಿದ್ದೆ’ ಎಂದಾಗ, ಕೆಳಗೆ ಜಮಖಾನೆಯ ಮೇಲೆ ಕೂತವನು ತನ್ನ ಕೈ ನೋಡಿಕೊಳ್ಳುತ್ತಾನೆ. ರೋಗಲಕ್ಷಣವೊಂದು ಅವನಿಗೆ ಅವನದೇ ಮಾತಿನಲ್ಲಿ ತಿಳಿಯಿತು. ನಾಚಿಕೆಯಿಂದ ಬಚ್ಚಿಟ್ಟದ್ದನ್ನು ಇನ್ನೊಬ್ಬ ಎಲ್ಲರೆದುರು ಇಟ್ಟಾಗ, ತನ್ನದನ್ನೂ ಇಡಬಹುದೆಂಬ ಧೈರ್ಯ ಬರುತ್ತದೆ.

ಇದು ನಮಗೆ ಹೊಸದಲ್ಲ. ಸ್ತನ ಕ್ಯಾನ್ಸರ್‌ನ ಅನುಭವ ಬರೆದ ಭಾರತಿ ಬಿ.ವಿ. ತಮ್ಮ ಪುಸ್ತಕಕ್ಕೆ ‘ಸಾಸಿವೆ ತಂದವಳು’ ಎಂದು ಹೆಸರಿಟ್ಟರು. ಆ ಹೆಸರಿನ ಹಿಂದೆ ಕಿಸಾಗೋತಮಿ ಇದ್ದಾಳೆ. ಸತ್ತ ಮಗುವನ್ನೆತ್ತಿಕೊಂಡು ಬಂದವಳಿಗೆ ಬುದ್ಧ ಉಪದೇಶ ಮಾಡಲಿಲ್ಲ, ಸಾವಿಲ್ಲದ ಮನೆಯಿಂದ ಸಾಸಿವೆ ತರಲು ಹೇಳಿದ. ಅವಳು ಬಾಗಿಲಿಂದ ಬಾಗಿಲಿಗೆ ಹೋದಳು, ಪ್ರತಿ ಮನೆಯ ದುಃಖವನ್ನೂ ಕೇಳಿಸಿಕೊಂಡಳು. ಆ ಕೇಳಿಸಿಕೊಳ್ಳುವಿಕೆಯೇ ಮದ್ದಾಯಿತು. ಓದು ಬರಹ ಕೈಹಿಡಿದವರಿಗೆ ಪುಸ್ತಕ ಆ ಕೆಲಸ ಮಾಡುತ್ತದೆ. ಪುಸ್ತಕ ಹೋಗದ ಲೈನ್‌ ಮನೆಗಳಿಗಾಗಿ ಶಿಬಿರವು ಅಷ್ಟೂ ಬಾಗಿಲುಗಳನ್ನು ಒಂದೇ ಸೂರಿನಡಿ ತಂದು ಕೂರಿಸುತ್ತದೆ. ಈ ಕಾರಣಕ್ಕೆ ಶಿಬಿರಕ್ಕೆ ನಾನು ತಲೆಬಾಗುತ್ತೇನೆ.

ಹೇಳುವವನಿಗೂ ಇದರಲ್ಲಿ ಪಾಲಿದೆ. 1935ರ ಮೇ ತಿಂಗಳಲ್ಲಿ ಅಮೆರಿಕದ ಆಕ್ರನ್‌ ಪಟ್ಟಣದಲ್ಲಿ, ವ್ಯವಹಾರ ಕೈಕೊಟ್ಟು ಒಂಟಿಯಾಗಿದ್ದ ಬಿಲ್‌ ವಿಲ್ಸನ್‌ ಎಂಬ ಷೇರು ವ್ಯವಹಾರದವನಿಗೆ ಹೋಟೆಲಿನ ಬಾರ್‌ ಕಡೆ ಕಾಲೆಳೆಯಿತು. ಅವನು ಬಾರಿಗೆ ಹೋಗಲಿಲ್ಲ. ಫೋನ್‌ ಹಿಡಿದು, ಮಾತಾಡಲು ತನ್ನಂಥ ಇನ್ನೊಬ್ಬ ಕುಡುಕ ಸಿಗುತ್ತಾನೆಯೇ ಎಂದು ಹುಡುಕಿದ. ಸಿಕ್ಕವರು ಬಾಬ್‌ ಸ್ಮಿತ್‌ ಎಂಬ ಶಸ್ತ್ರವೈದ್ಯ. ವಿಲ್ಸನ್‌ ಅವರೆದುರು ಕೂತು ತನ್ನ ಕಥೆ ಹೇಳಿದ, ಮುಖ್ಯವಾಗಿ ತನ್ನನ್ನು ಉಳಿಸಿಕೊಳ್ಳಲಿಕ್ಕೆ. ಆಲ್ಕೊಹಾಲಿಕ್ಸ್‌ ಅನಾನಿಮಸ್‌ ಎಂಬ, ಕುಡಿತ ಬಿಡುವವರ ಸಂಘಟನೆ ಹುಟ್ಟಿದ್ದು ಹೀಗೆ. ನಮ್ಮಲ್ಲಿ ಊರಿನೊಳಗೇ ಶಿಬಿರ ಮಾಡುವ ಕ್ರಮಕ್ಕೂ ಹಿನ್ನೆಲೆಯಿದೆ. ಗಂಡನನ್ನು ಕುಡಿತಕ್ಕೆ ಕಳೆದುಕೊಂಡು 1980ರಲ್ಲಿ ಚೆನ್ನೈನಲ್ಲಿ ಚಿಕಿತ್ಸಾ ಕೇಂದ್ರ ತೆರೆದ ಶಾಂತಿ ರಂಗನಾಥನ್‌ ಅವರ ಸಂಸ್ಥೆ 1980ರ ದಶಕದ ಕೊನೆಯಲ್ಲಿ ಕಾವೇರಿ ಬಯಲಿನ ಮಂಜಕ್ಕುಡಿಯಲ್ಲಿ ಹಳ್ಳಿಯ ಶಿಬಿರಗಳನ್ನು ಆರಂಭಿಸಿತ್ತು.

ಕಥೆಯಿಂದ ಕಾಯಿಲೆ ಹಿಡಿತಕ್ಕೆ ಬರುತ್ತದೆ ಎನ್ನಲು ಪುರಾವೆ ಉಂಟೇ? ಉಂಟು, ಅದರ ಅಳತೆಯೂ ಗೊತ್ತಿರಬೇಕು. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ರಕ್ತದೊತ್ತಡವಿರುವ ಕಪ್ಪು ಸಮುದಾಯದ ರೋಗಿಗಳಿಗೆ ಅವರದೇ ಸಮುದಾಯದ ರೋಗಿಗಳು ಹೇಳಿದ ಕಥೆಗಳ ವಿಡಿಯೊ ಕೊಟ್ಟು ನೋಡಿದರು. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಒತ್ತಡ ಹತೋಟಿಯಲ್ಲಿಲ್ಲದವರಲ್ಲಿ ಕಥೆ ಕೇಳಿದವರ ರಕ್ತದೊತ್ತಡದ ಮೇಲಿನ ಅಂಕಿ ಉಳಿದವರಿಗಿಂತ ಸುಮಾರು 11 ಅಂಶ ಹೆಚ್ಚು ಇಳಿದಿತ್ತು. ಅದು ಮೂರು ತಿಂಗಳ ಮಾತು. ಆಮೇಲೆ ಎರಡೂ ಗುಂಪಿನ ಒತ್ತಡ ಮತ್ತೆ ಏರಿತು, ಕಥೆ ಕೇಳಿದವರ ಮೇಲುಗೈ ಮಾತ್ರ ಉಳಿಯಿತು. ಕುಡಿತದ ಬಗ್ಗೆ ಕಾಕ್ರೇನ್‌ ಸಂಸ್ಥೆ 2020ರಲ್ಲಿ 27 ಅಧ್ಯಯನಗಳನ್ನು, 10,565 ಜನರನ್ನು ಒಟ್ಟಿಗಿಟ್ಟು ನೋಡಿತು. ಸಹರೋಗಿಗಳ ಸಭೆಗೆ ಕ್ರಮವಾಗಿ ಸೇರಿಸಿದವರಲ್ಲಿ ವರ್ಷದ ನಂತರ ಪೂರ್ತಿ ಬಿಟ್ಟಿದ್ದವರು ನೂರಕ್ಕೆ 42, ಬೇರೆ ಚಿಕಿತ್ಸೆಗಳಲ್ಲಿ 35. ಏಳು ಜನರ ವ್ಯತ್ಯಾಸ ಎಂದರೆ ಏಳು ಮನೆಗಳು, ಅದು ಸಣ್ಣದಲ್ಲ. ಆದರೆ ಆ ಅತ್ಯುತ್ತಮ ದಾರಿಯಲ್ಲೂ ನೂರಕ್ಕೆ 58 ಜನ ವರ್ಷದೊಳಗೆ ಒಮ್ಮೆಯಾದರೂ ಲೋಟ ಮುಟ್ಟಿದರು ಎಂಬುದನ್ನೂ ಅದೇ ಅಂಕಿ ಹೇಳುತ್ತದೆ.

ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ. ಆ 58 ಜನರ ಕಥೆ ಎಲ್ಲಿ? ನಮ್ಮ ವೇದಿಕೆಗಳ ಮೇಲೆ ಕೇಳುವ ಅನುಭವಕ್ಕೆ ಬಹುಮಟ್ಟಿಗೆ ಒಂದೇ ನಡೆ: ಕುಡಿದೆ, ಹಾಳಾದೆ, ಶಿಬಿರಕ್ಕೆ ಬಂದೆ, ಬದಲಾದೆ. ಪ್ರತಿ ಮಾತೂ ನಿಜವಿರಬಹುದು. ಆದರೆ ಕಥೆ ಎಂಟನೆಯ ದಿನಕ್ಕೆ, ಹಾರ ಬೀಳುವ ಹೊತ್ತಿಗೆ ಮುಗಿಯುತ್ತದೆ. ಕೇಳುವವನಿಗೆ ಬೇಕಾದದ್ದು ಒಂಬತ್ತನೆಯ ದಿನದ್ದು. ಬಟವಾಡೆಯ ಸಂಜೆ ಏನು ಮಾಡಿದಿರಿ? ಕೂಲಿಯನ್ನು ಯಾರ ಕೈಗೆ ಕೊಟ್ಟಿರಿ? ಹೊಟ್ಟೆ ಹಸಿದಾಗ ಕುಡಿಯುವ ಆಸೆ ಹೆಚ್ಚುತ್ತದೆ, ಆ ಐದು ಗಂಟೆಗೆ ಏನು ತಿಂದಿರಿ? ಭಾವನ ಮದುವೆಯಲ್ಲಿ ಲೋಟ ಚಾಚಿದವನಿಗೆ ಯಾವ ಮಾತಿನಲ್ಲಿ ಬೇಡ ಎಂದಿರಿ? ಕೊಯ್ಲು ಮುಗಿದು ಲೆಕ್ಕ ಚುಕ್ತಾ ಆಗಿ ಒಮ್ಮೆಗೇ ಹಣ ಕೈಸೇರಿದ ದಿನ? ಜುಲೈಯಲ್ಲಿ ಕೆಲಸವಿಲ್ಲದೆ ಮಾಡಿನಡಿ ಕೂತ ಮಧ್ಯಾಹ್ನ? ರೋಗಿಯ ಕಥೆ ಮದ್ದಾಗುವುದು ಈ ವಿವರಗಳಿಂದ. ಕಣ್ಣೀರು ತರಿಸುವ ಕಥೆ ಒಂದು ಸಂಜೆ ಉಳಿಯುತ್ತದೆ, ದಾರಿ ಹೇಳುವ ಕಥೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಬಹುದು.

ಗೆಲುವಿನ ಕಥೆಯೊಂದನ್ನೇ ಕೇಳಿಸಿದರೆ ಇನ್ನೂ ಒಂದು ಅಪಾಯವಿದೆ. ಜಾರಿದವನು ತಲೆಮರೆಸಿಕೊಳ್ಳುತ್ತಾನೆ. ದೇವರೆದುರು ಸಂಕಲ್ಪ ಮಾಡಿದವನಿಗೆ ಅದು ಕಾಯಿಲೆ ಮರುಕಳಿಸಿದಂತೆ ಕಾಣುವುದಿಲ್ಲ, ಪಾಪವಾಗಿ ಕಾಣುತ್ತದೆ. ಸಂಕಲ್ಪದ ಶಕ್ತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಧರ್ಮಸ್ಥಳದ ಅಣ್ಣಪ್ಪ ದೈವದ ಭಯಕ್ಕೆ, ಮಂಜುನಾಥನ ಮೇಲಿನ ಭಕ್ತಿಗೆ ಬಾಟಲಿ ಕೆಳಗಿಟ್ಟವರು ಈ ಬೆಟ್ಟಗಳಲ್ಲಿ ಇದ್ದಾರೆ. ಆದರೆ ಸಕ್ಕರೆ ಕಾಯಿಲೆಯವನಿಗೆ ಸಕ್ಕರೆ ಏರಿದರೆ ನಾವು ಅವನನ್ನು ಆಸ್ಪತ್ರೆಗೆ ಕರೆಯುತ್ತೇವೆ, ಇವನು ಜಾರಿದರೆ ಇವನಿಗೆ ಸಭೆಗೆ ಬರುವ ಮುಖವೇ ಇರುವುದಿಲ್ಲ. ಆಕ್ರನ್ನಿನ ಕಥೆಯ ಉಳಿದರ್ಧವನ್ನು ಇಲ್ಲಿ ನೆನೆಯಬೇಕು. ವಿಲ್ಸನ್‌ನ ಮಾತು ಕೇಳಿ ಕುಡಿತ ಬಿಟ್ಟ ಡಾ. ಬಾಬ್‌, ಕೆಲವೇ ವಾರಗಳಲ್ಲಿ ವೈದ್ಯರ ಸಮ್ಮೇಳನಕ್ಕೆಂದು ಅಟ್ಲಾಂಟಿಕ್‌ ಸಿಟಿಗೆ ಹೋಗಿ ಮೈಮರೆಯುವಷ್ಟು ಕುಡಿದು ಬಂದರು. ವಿಲ್ಸನ್‌ ಬಾಗಿಲು ಮುಚ್ಚಲಿಲ್ಲ. ಸಂಘಟನೆಯ ಲೆಕ್ಕದಲ್ಲಿ ಬಾಬ್‌ ಕೊನೆಯದಾಗಿ ಕುಡಿದದ್ದು 1935ರ ಜೂನ್‌ 10ರಂದು, ಅದು ತನ್ನ ಹುಟ್ಟಿದ ದಿನವೆಂದು ಎಣಿಸುವುದೂ ಆ ದಿನವನ್ನೇ. ಎದುರಿಗಿದ್ದವನು ಜಾರಿ ಮರಳಿ ಬಂದದ್ದಕ್ಕೆ ಜಾಗ ಕೊಟ್ಟದ್ದರಿಂದಲೇ ಆ ಇಡೀ ಪದ್ಧತಿ ಉಳಿಯಿತು.

ಎರಡನೆಯ ತಕರಾರು ಪ್ರಾಣಕ್ಕೆ ಸಂಬಂಧಿಸಿದ್ದು. ‘ನಾನು ಒಂದೇ ದಿನಕ್ಕೆ ಬಿಟ್ಟೆ, ಮನಸ್ಸು ಗಟ್ಟಿಯಿದ್ದರೆ ಸಾಕು’ ಎಂಬ ಮಾತಿಗೆ ಚಪ್ಪಾಳೆ ಬೀಳುತ್ತದೆ. ಅದನ್ನು ಕೇಳಿ ಮನೆಯಲ್ಲೇ ಬಿಡಲು ಹೊರಟವನ ಗತಿ? ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದ ದೇಹ ಥಟ್ಟನೆ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ನಡುಕ, ಮೊದಲೆರಡು ದಿನದಲ್ಲಿ ಫಿಟ್ಸ್‌, ಎರಡು ಮೂರನೆಯ ದಿನದ ಹೊತ್ತಿಗೆ ಇಲ್ಲದ್ದು ಕಾಣಿಸುವ, ಕೇಳಿಸುವ ಸನ್ನಿ ಬರಬಹುದು. ಚಿಕಿತ್ಸೆ ಸಿಗದಿದ್ದರೆ ಸಾವೂ ಬರಬಹುದು. ಆ ದಿನಗಳಿಗೆ ಮಾತ್ರೆಯಿದೆ, ಬಿ1 ಜೀವಸತ್ವದ ಇಂಜೆಕ್ಷನ್‌ ಇದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ನೋಡುವ ಏರ್ಪಾಟಿದೆ, 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ವೇದಿಕೆಯೇರುವ ಪ್ರತಿಯೊಬ್ಬನೂ ತಾನು ನುಂಗಿದ ಮಾತ್ರೆಯ ಮಾತನ್ನೂ ಹೇಳಲಿ. ಮದ್ದು ತಿಂದು ಬಿಟ್ಟವನ ಮನಸ್ಸೇನೂ ಕಡಿಮೆ ಗಟ್ಟಿಯಲ್ಲ.

ಮೂರನೆಯದು, ಮೈಕು ಯಾರ ಕೈಗೆ ಸಿಗುತ್ತದೆ ಎಂಬುದು. ಕುಟುಂಬದವರು ಬರುವ ದಿನ ಹೆಂಡತಿ ಬಂದು ಕೂರುತ್ತಾಳೆ, ಗಂಡ ಕ್ಷಮೆ ಕೇಳುತ್ತಾನೆ, ಅವಳು ಅಳುತ್ತಾಳೆ. ನೋಡಿದವರ ಕಣ್ಣೂ ಒದ್ದೆಯಾಗುತ್ತದೆ. ಆದರೆ ಅವಳೂ ಒಬ್ಬ ರೋಗಿ. ನಿದ್ದೆಗೆಟ್ಟ ವರ್ಷಗಳು, ಏಟು, ಸಾಲ, ಈಗ ಬಿಟ್ಟವನು ನಾಳೆ ಮತ್ತೆ ಹಿಡಿದಾನೆಂಬ ಹೆದರಿಕೆ ಇವೆಲ್ಲ ಅವಳ ಮೈಯಲ್ಲಿವೆ. ಬಿಲ್‌ ವಿಲ್ಸನ್‌ನ ಹೆಂಡತಿ ಲೋಯಿಸ್‌ ಇದನ್ನು ಕಂಡುಕೊಂಡೇ 1951ರಲ್ಲಿ ಮನೆಯವರಿಗಾಗಿ ಬೇರೆಯೇ ಕೂಟ ಕಟ್ಟಿದರು. ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘಗಳಲ್ಲಿ ಹೆಂಗಸರು ವಾರಕ್ಕೊಮ್ಮೆ ಸೇರುತ್ತಾರೆ. ಕಂತಿನ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ಈ ಮಾತಿಗೆ ಕೊಟ್ಟರೆ ಸಾಕು. ತಾವೇ ಕುಡಿಯುವ ಹೆಂಗಸರೂ ತೋಟಗಳಲ್ಲಿದ್ದಾರೆ, ಗಂಡಸರು ತುಂಬಿದ ಸಭಾಂಗಣದಲ್ಲಿ ಅವರು ಎಂದೂ ಬಾಯಿ ಬಿಡಲಾರರು. ಅಸ್ಸಾಂ, ಜಾರ್ಖಂಡ್‌ಗಳಿಂದ ಬಂದು ಈಗ ನಮ್ಮ ಕಾಫಿ ಕೊಯ್ಯುತ್ತಿರುವವರಿಗೆ ಕನ್ನಡದ ಕಥೆ ಬರೀ ಸದ್ದು. ಅವರ ಲೈನಿನಲ್ಲಿ ಬಿಟ್ಟವನೊಬ್ಬ ಸಿಕ್ಕರೆ ಅವನನ್ನು ಹುಡುಕಿ ಕರೆತರುವುದು ಹತ್ತು ಉಪನ್ಯಾಸಕ್ಕೆ ಸಮ.

ಇನ್ನೊಂದು ಮಾತನ್ನು ಬಿಡುವಂತಿಲ್ಲ. ಕಥೆ ಹೇಳಿದವನದು. ಶಿಬಿರದ ಫೋಟೊ ಪತ್ರಿಕೆಯಲ್ಲಿ ಬಂದರೆ ಊರಿಗೆ ಹೆಮ್ಮೆಯಿರಬಹುದು, ಆದರೆ ಅವನ ಮಗಳು ಶಾಲೆಯಲ್ಲಿ ಅದನ್ನು ಎದುರಿಸಬೇಕು. ಕಳಸದಂಥ ಸಣ್ಣ ಪೇಟೆಯಲ್ಲಿ ಯಾರು ಕುಡಿಯುತ್ತಾರೆಂಬುದು ಗುಟ್ಟಲ್ಲ, ನಿಜ. ಊರಿಗೆ ಗೊತ್ತಿರುವುದು ಒಂದು, ತಾನಾಗಿ ಹೇಳುವುದು ಇನ್ನೊಂದು. ಹೇಳುವುದೂ ಹೇಳದಿರುವುದೂ ಅವನ ಕೈಯಲ್ಲಿದ್ದಾಗಲೇ ಆ ಮಾತಿಗೆ ಗುಣಪಡಿಸುವ ಬಲ.

ಇಷ್ಟಕ್ಕೂ ದಾರಿ ಇದ್ದೇ ಇದೆ. ಶಿಬಿರ ಮುಗಿದ ಮೇಲೆ ಬಿಟ್ಟವರೆಲ್ಲ ಸೇರಿ ನವಜೀವನ ಸಮಿತಿ ಮಾಡಿಕೊಳ್ಳುತ್ತಾರೆ. ನನ್ನ ಕಣ್ಣಿಗೆ ಎಂಟು ದಿನದ ಶಿಬಿರಕ್ಕಿಂತ ಈ ಸಮಿತಿ ದೊಡ್ಡದು. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಿತು, ಕುಡಿತ ಪ್ಯಾಕೆಟ್ಟಿನಿಂದ ಪ್ಯಾಕೆಟ್ಟಿಗೆ ಬದಲಾಯಿತೇ ಹೊರತು ಕಾಯಿಲೆ ಹೋಗಲಿಲ್ಲ. ಅಂಗಡಿ ಮುಚ್ಚಿದರೂ ಹೋಗದ್ದನ್ನು ಹಿಡಿದಿಡಬಲ್ಲದ್ದು ಒಬ್ಬರನ್ನೊಬ್ಬರು ಬಿಡದ ಹತ್ತು ಹದಿನೈದು ಜನರ ಕೂಟ. ಶಿಬಿರ ಎಷ್ಟನೆಯದು, ಎಷ್ಟು ಜನ ಬಂದರು ಎಂಬ ಎಣಿಕೆಯ ಪಕ್ಕದಲ್ಲಿ, ವರ್ಷದ ಬಳಿಕವೂ ಸಮಿತಿಗೆ ಬರುತ್ತಿರುವವರು ಎಷ್ಟು ಎಂಬ ಎಣಿಕೆಯೂ ಬರಲಿ. ಆ ಎಣಿಕೆಯಲ್ಲಿ ಜಾರಿ ಮರಳಿದವನ ಹೆಸರೂ ಸೇರಿರಲಿ.

ಸಮಿತಿಯ ಸಭೆ ಶುರುವಾಗುವ ಕ್ರಮವೊಂದನ್ನು ಬದಲಿಸಿದರೆ ಸಾಕು. ಎಷ್ಟು ವರ್ಷ ಆಯಿತು ಎಂದು ಹಿರಿಯರನ್ನು ಕೇಳುವ ಮೊದಲು, ಈ ತಿಂಗಳು ಯಾರಿಗೆ ಕಷ್ಟವಾಯಿತು ಎಂದು ಕೇಳಲಿ. ಹಿಂದಿನ ಸಾಲಿನಲ್ಲಿ ಒಬ್ಬ ತಲೆ ತಗ್ಗಿಸಿ, ‘ಹೋದ ಬಟವಾಡೆಗೆ ಆ ತಿರುವಿನಲ್ಲಿ ನಿಂತುಬಿಟ್ಟೆ’ ಎನ್ನಲಿ. ಆಗ ಪಕ್ಕದವನು ಕೇಳುವ ಪ್ರಶ್ನೆ ಒಂದೇ: ‘ಬರುವ ಬಟವಾಡೆಗೆ ನಾನೂ ಜೊತೆಗೆ ಬರ್ಲಾ?’