ಪಕ್ಕದ ಹಾಸಿಗೆಯ ಭಾಷೆ: ಸ್ತನ ಕ್ಯಾನ್ಸರ್ ಬರಹಗಳಲ್ಲಿ ಹೆಂಗಸರ ಪರಸ್ಪರ ಆಸರೆ

ಇಂಗ್ಲಿಷ್ ಕಾದಂಬರಿಗಾರ್ತಿ ಫ್ಯಾನಿ ಬರ್ನಿ ಅವರಿಗೆ 1811ರ ಸೆಪ್ಟೆಂಬರ್ 30ರಂದು ಪ್ಯಾರಿಸ್ಸಿನ ಅವರ ಮನೆಯಲ್ಲಿಯೇ ಸ್ತನ ತೆಗೆಯುವ ಶಸ್ತ್ರಚಿಕಿತ್ಸೆ ನಡೆಯಿತು. ಅರಿವಳಿಕೆ ಇನ್ನೂ ಬಳಕೆಗೆ ಬಾರದ ಕಾಲ ಅದು. ಕಪ್ಪುಡುಗೆಯ ಏಳು ಮಂದಿ ಗಂಡಸರು ಕೋಣೆಯನ್ನು ಹೊಕ್ಕ ಮೇಲೆ, ಅಲ್ಲಿದ್ದ ಹೆಂಗಸರು ಹೊರಗೆ ಹೋಗಬೇಕೆಂದು ವೈದ್ಯರಲ್ಲಿ ಒಬ್ಬರು ಆಜ್ಞೆ ಮಾಡುತ್ತಾರೆ. ಅವರು ಇಲ್ಲಿಯೇ ಇರಲಿ ಎಂದು ಬರ್ನಿ ಹಟ ಹಿಡಿಯುತ್ತಾರೆ. ಮನೆಯ ಆಳು ಹೆಂಗಸೂ ಒಬ್ಬ ದಾದಿಯೂ ಓಡಿಹೋಗುತ್ತಾರೆ. ಇನ್ನೊಬ್ಬ ದಾದಿ ಮಾತ್ರ ಕರೆದಾಗ ಹತ್ತಿರ ಬರುತ್ತಾಳೆ. ಈ ಸಂಗತಿ ನಮಗೆ ತಿಳಿದಿರುವುದು 1812ರಲ್ಲಿ ಬರ್ನಿ ತಮ್ಮ ಅಕ್ಕ ಎಸ್ತರ್‌ಗೆ ತಿಂಗಳುಗಟ್ಟಲೆ ಕೂತು ಬರೆದ ದೀರ್ಘ ಪತ್ರದಿಂದ. ಬರೆದದ್ದನ್ನು ಮತ್ತೊಮ್ಮೆ ಓದಿ ತಿದ್ದುವ ಧೈರ್ಯವೂ ಅವರಿಗೆ ಆಗಲಿಲ್ಲ.

ವೈದ್ಯಕೀಯ ಚರಿತ್ರೆಯನ್ನು ಬರೆಯುವವರು ಈ ಪತ್ರವನ್ನು ಅರಿವಳಿಕೆಗೆ ಮುಂಚಿನ ಶಸ್ತ್ರಚಿಕಿತ್ಸೆಯ ದಾಖಲೆಯೆಂದು ಓದುತ್ತಾರೆ. ಸಾಹಿತ್ಯದ ಓದಿಗೆ ಬೇರೆಯೇ ಎರಡು ವಿವರಗಳು ಮುಖ್ಯ. ಒಂದು, ಅದು ಒಬ್ಬ ಹೆಣ್ಣು ಇನ್ನೊಬ್ಬ ಹೆಣ್ಣಿಗೆ ಹೇಳಿಕೊಂಡ ಕಥನ. ಅದನ್ನು ಕೇಳುವವಳು ಇದ್ದಾಳೆ ಎಂಬ ನೆಚ್ಚಿಕೆಯೇ ಅದರ ವಾಕ್ಯಗಳನ್ನು ನಡೆಸುತ್ತದೆ. ಇನ್ನೊಂದು, ಹತ್ತಿರ ಬಂದು ನಿಂತ ಆ ಹೆಸರಿಲ್ಲದ ದಾದಿ. ಅವಳು ಏನು ಹೇಳಿದಳೆಂಬುದು ಪತ್ರದಲ್ಲಿಲ್ಲ. ಬಹುಶಃ ಏನನ್ನೂ ಹೇಳಿರಲಾರಳು. ಅನಂತರದ ಎರಡು ಶತಮಾನಗಳಲ್ಲಿ ಬೆಳೆದ ಸ್ತನ ಕ್ಯಾನ್ಸರ್ ಬರಹಗಳು ಈ ಎರಡು ಸ್ಥಾನಗಳ ಸುತ್ತಲೇ, ಕೇಳುವವಳು ಮತ್ತು ಜೊತೆಗೆ ನಿಲ್ಲುವವಳು ಇವರ ಸುತ್ತಲೇ, ತಿರುಗುತ್ತವೆ. ಇವರಿಗೆ ಯಾವ ಹೆಸರಿಡಬೇಕು ಎಂಬ ಪ್ರಶ್ನೆಯಲ್ಲಿ ಮಾತ್ರ ಅವು ಒಂದಕ್ಕೊಂದು ಜಗಳಕ್ಕೆ ನಿಲ್ಲುತ್ತವೆ. ಕನ್ನಡದಲ್ಲಿ ಆ ಜಗಳ ಇನ್ನೂ ಸರಿಯಾಗಿ ಆರಂಭವಾಗಿಲ್ಲ.

ರೋಗವನ್ನು ಹಾದುಬಂದವಳು ಹಾದುಹೋಗುತ್ತಿರುವವಳ ಬಳಿಗೆ ಹೋಗುವುದಕ್ಕೆ ಸಂಘಟಿತ ರೂಪ ಬಂದದ್ದು 1952ರಲ್ಲಿ. ಟೆರೀಸ್ ಲ್ಯಾಸರ್ ಎಂಬವರು ತಮ್ಮ ಶಸ್ತ್ರಚಿಕಿತ್ಸೆಯ ನಂತರ ನ್ಯೂಯಾರ್ಕಿನಲ್ಲಿ 'ರೀಚ್ ಟು ರಿಕವರಿ'ಯನ್ನು ಆರಂಭಿಸಿದರು. ಸ್ತನವನ್ನು ಕಳೆದುಕೊಂಡ ಸ್ವಯಂಸೇವಕಿಯೊಬ್ಬಳು ಈಗಷ್ಟೇ ಕಳೆದುಕೊಂಡವಳ ಹಾಸಿಗೆಯ ಬಳಿ ಬಂದು ಕೂರುವುದು, ತೋಳನ್ನು ಮೇಲೆತ್ತುವ ವ್ಯಾಯಾಮ ಕಲಿಸುವುದು, ಉಡುಪಿನೊಳಗೆ ಇಟ್ಟುಕೊಳ್ಳುವ ಮೆತ್ತೆಯೊಂದನ್ನು ಕೊಡುವುದು ಅದರ ಪದ್ಧತಿ. 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಅದನ್ನು ತನ್ನ ಕಾರ್ಯಕ್ರಮವಾಗಿ ಸ್ವೀಕರಿಸಿತು. ರೋಗದ ಹೆಸರನ್ನು ಬಾಯಲ್ಲಿ ಆಡುವುದೇ ಕಷ್ಟವಾಗಿದ್ದ ದಿನಗಳಲ್ಲಿ ಇದು ಸಣ್ಣ ಸಾಹಸವಲ್ಲ.

ಆಡ್ರೆ ಲಾರ್ಡ್ ಅವರ 'ದಿ ಕ್ಯಾನ್ಸರ್ ಜರ್ನಲ್ಸ್' (1980) ಈ ಸಾಹಸವನ್ನೇ ಕಟಕಟೆಗೆ ತಂದ ಕೃತಿ. ಕಪ್ಪು ಕವಯಿತ್ರಿಯಾದ ಲಾರ್ಡ್ ಅವರಿಗೆ 1978ರಲ್ಲಿ ಶಸ್ತ್ರಚಿಕಿತ್ಸೆಯಾದಾಗ ಸ್ವಯಂಸೇವಕಿಯೊಬ್ಬಳು ಉಣ್ಣೆಯ ಮೆತ್ತೆಯೊಂದಿಗೆ ಬರುತ್ತಾಳೆ. ಮೆತ್ತೆಯ ಬಣ್ಣ ತೆಳು ಗುಲಾಬಿ, ಎಂದರೆ ಬಿಳಿಯರ ಚರ್ಮದ ಬಣ್ಣ. ಲಾರ್ಡ್ ಅವರ ಟೀಕೆ ಬಂದವಳ ಸದ್ಭಾವದ ಮೇಲಲ್ಲ. ಏನೂ ಆಗಿಲ್ಲವೆಂಬಂತೆ ಕಾಣುವುದೇ ಗುಣವಾಗುವುದು ಎಂಬ ಪಾಠದ ಮೇಲೆ ಅವರ ಸಿಟ್ಟು. ಮೆತ್ತೆಯಿಟ್ಟುಕೊಂಡು ಬೀದಿಗಿಳಿದ ಇಬ್ಬರು ಹೆಂಗಸರು ಎದುರಾದರೂ ಒಬ್ಬರನ್ನೊಬ್ಬರು ಗುರುತಿಸಲಾರರು. ಆಸರೆ ನೀಡಲು ಬಂದ ವ್ಯವಸ್ಥೆಯೇ ಆಸರೆಯ ಮೊದಲ ಷರತ್ತನ್ನು, ಅಂದರೆ ಒಬ್ಬರಿಗೊಬ್ಬರು ಕಾಣಿಸುವುದನ್ನು, ಅಳಿಸುತ್ತದೆ. ಈ ವಿಷಯದ ಮೇಲೆ ಬಂದ ವಿಮರ್ಶಾತ್ಮಕ ಬರಹಗಳಲ್ಲಿ ಇದಕ್ಕಿಂತ ಮೂಲಭೂತವಾದ ವಾದ ಇನ್ನೊಂದಿಲ್ಲ. ಎರಡು ವರ್ಷ ಮೊದಲು ಬಂದ ಸೂಸನ್ ಸೊಂಟಾಗ್ ಅವರ 'ಇಲ್‌ನೆಸ್ ಆ್ಯಸ್ ಮೆಟಫರ್' ಹೆಚ್ಚು ಪ್ರಸಿದ್ಧವಾದ ಪುಸ್ತಕ. ಆದರೆ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದಿದ್ದ ಸೊಂಟಾಗ್ ಆ ಪುಸ್ತಕದಲ್ಲಿ ತಮ್ಮ ರೋಗದ ಸುದ್ದಿಯನ್ನೇ ಎತ್ತುವುದಿಲ್ಲ. ರೋಗಕ್ಕೆ ಅಂಟಿಕೊಂಡ ರೂಪಕಗಳನ್ನು ಅವರು ಕಿತ್ತುಹಾಕುತ್ತಾರೆ. ರೂಪಕಗಳಿಲ್ಲದ ಆ ಜಾಗದಲ್ಲಿ ರೋಗಿಯ ಪಕ್ಕ ಯಾರಿದ್ದಾರೆಂಬುದು ಅವರ ಪ್ರಶ್ನೆಯಲ್ಲ.

ಬಾರ್ಬರಾ ಎರೆನ್‌ರೈಕ್ 2001ರಲ್ಲಿ 'ಹಾರ್ಪರ್ಸ್' ಪತ್ರಿಕೆಯಲ್ಲಿ ಬರೆದ 'ವೆಲ್‌ಕಮ್ ಟು ಕ್ಯಾನ್ಸರ್‌ಲ್ಯಾಂಡ್' ಪ್ರಬಂಧದ ಹೊತ್ತಿಗೆ ಮರೆಮಾಚುವಿಕೆಯ ರೂಪ ಬದಲಾಗಿತ್ತು. ಈಗ ಎಲ್ಲರೂ ಕಾಣುತ್ತಾರೆ, ಗುಲಾಬಿ ರಿಬ್ಬನ್ ಕಟ್ಟಿಕೊಂಡು ಓಡುತ್ತಾರೆ. ಆದರೆ ನಗುತ್ತಲೇ ಇರಬೇಕು. ತಮ್ಮ ಕೋಪವನ್ನು ಸಹರೋಗಿಗಳ ಮುಂದೆ ತೋಡಿಕೊಂಡಾಗ ಎರೆನ್‌ರೈಕ್ ಅವರಿಗೆ ಸಿಕ್ಕ ಉತ್ತರಗಳಲ್ಲಿ ಒಂದು, ಬೇಗ ಆಪ್ತಸಲಹೆ ಪಡೆಯಿರಿ ಎಂಬುದು. 'ಸರ್ವೈವರ್' ಎಂಬ ಬಿರುದು ಬದುಕಿದವರಿಗೆ ಕೊಟ್ಟ ಮರ್ಯಾದೆಯನ್ನು ಸತ್ತವರಿಂದ ಕಿತ್ತುಕೊಳ್ಳುತ್ತದೆ ಎಂಬ ಅವರ ಆಕ್ಷೇಪ ಕನ್ನಡಕ್ಕೆ ವಿಶೇಷವಾಗಿ ಅನ್ವಯಿಸುತ್ತದೆ. ಅದರ ಚರ್ಚೆ ಮುಂದೆ ಬರಲಿದೆ. ಆ್ಯನ್ ಬಾಯರ್ ಅವರ 'ದಿ ಅನ್‌ಡೈಯಿಂಗ್' (2019) ಇನ್ನೂ ಮುಂದೆ ಹೋಗಿ ಆಸರೆಯ ಲೆಕ್ಕಪತ್ರವನ್ನೇ ಕೇಳುತ್ತದೆ. ಗಂಡನಿಲ್ಲದ, ಮಗಳನ್ನು ಒಬ್ಬಳೇ ಸಾಕುತ್ತಿದ್ದ ಕವಯಿತ್ರಿಯನ್ನು ಚಿಕಿತ್ಸೆಯುದ್ದಕ್ಕೂ ನೋಡಿಕೊಂಡವರು ಗೆಳತಿಯರು, ಗೆಳೆಯರು. ಅಲ್ಲಿನ ಕಾನೂನು ರಜೆ ಕೊಡುವುದು ಸಂಬಂಧಿಕರಿಗೆ. ಗೆಳೆತನಕ್ಕೆ ಅರ್ಜಿಯ ನಮೂನೆಯಲ್ಲಿ ಕಲಮು ಇಲ್ಲ.

ಈ ಪರಸ್ಪರ ಆಸರೆಯಿಂದ ಆಯುಷ್ಯ ಹೆಚ್ಚುತ್ತದೆಯೇ? 1989ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಡೇವಿಡ್ ಸ್ಪೀಗಲ್ ಮತ್ತು ಸಂಗಡಿಗರು, ದೇಹದ ಬೇರೆಡೆಗೆ ರೋಗ ಹರಡಿದ್ದ 86 ಹೆಂಗಸರ ಅಧ್ಯಯನವನ್ನು ಪ್ರಕಟಿಸಿ, ಗುಂಪಿನಲ್ಲಿ ಕೂತು ಮಾತಾಡಿಕೊಂಡವರು ಸರಾಸರಿ ಒಂದೂವರೆ ವರ್ಷ ಹೆಚ್ಚು ಬದುಕಿದರು ಎಂದರು. ಸುದ್ದಿ ಜಗತ್ತಿಗೆಲ್ಲ ಹಬ್ಬಿತು. 2001ರಲ್ಲಿ ಕೆನಡಾದ ಪಮೇಲಾ ಗುಡ್‌ವಿನ್ ಮತ್ತು ಸಂಗಡಿಗರು 235 ಹೆಂಗಸರೊಂದಿಗೆ ಅದೇ ಪ್ರಶ್ನೆಯನ್ನು ಪರೀಕ್ಷಿಸಿದಾಗ ಆಯುಷ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಮನಸ್ಸಿನ ಕ್ಲೇಶ ಮತ್ತು ನೋವಿನ ಅನುಭವ ಕಡಿಮೆಯಾಗಿದ್ದವು, ಮೊದಲೇ ಹೆಚ್ಚು ಕುಗ್ಗಿದ್ದವರಲ್ಲಿ ಎದ್ದು ಕಾಣುವಷ್ಟು. ಎರಡನೆಯ ಫಲಿತಾಂಶ ನಿರಾಶೆಯೆಂದು ಕೆಲವರಿಗೆ ಅನಿಸಿರಬಹುದು. ಸಾಹಿತ್ಯದ ದೃಷ್ಟಿಯಿಂದ ಅದು ಬಿಡುಗಡೆ. ಜೊತೆಗೆ ಕೂರುವುದಕ್ಕೆ ಗೆಲುವಿನ ಸಮರ್ಥನೆ ಬೇಡ. ನೋವು ಒಂದಿಷ್ಟು ಇಳಿದರೆ ಸಾಕು.

ಕನ್ನಡದ ಮಾತಿಗೆ ಬಂದರೆ, ನಮ್ಮ ಪತ್ರಿಕಾ ಭಾಷೆ ಇಂಗ್ಲಿಷಿನ 'ಸರ್ವೈವರ್' ಪದವನ್ನು 'ಕ್ಯಾನ್ಸರ್ ಗೆದ್ದವರು' ಎಂದು ತಂದುಕೊಂಡಿದೆ. ಮೂಲದ ಪದದಲ್ಲಿ 'ಉಳಿದವಳು' ಎಂಬ ಅರ್ಥವಾದರೂ ಇದೆ. ಹಡಗು ಮುಳುಗಿದಾಗ ಉಳಿದವನು ಸಮುದ್ರವನ್ನು ಗೆದ್ದೆನೆಂದು ಹೇಳಿಕೊಳ್ಳುವುದಿಲ್ಲ. ಕನ್ನಡದ ಅನುವಾದ ಆ ಸಂಕೋಚವನ್ನೂ ಬಿಟ್ಟುಕೊಟ್ಟಿತು. ಒಬ್ಬಳು ಗೆದ್ದಳೆಂದರೆ ಪಕ್ಕದ ಹಾಸಿಗೆಯವಳು ಸೋತಳೆಂದೇ ಆಗುತ್ತದೆ. ಜಾಗತಿಕ ಕ್ಯಾನ್ಸರ್ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು, ಅದೇ ವರ್ಷ ಅದರಿಂದ ಸತ್ತವರು ಸುಮಾರು 98 ಸಾವಿರ. ಈ ಪ್ರಮಾಣ ಅಮೆರಿಕದಲ್ಲಿ ಇಲ್ಲ. ಅಲ್ಲಿನ ಉತ್ಸಾಹದ ಶಬ್ದಕೋಶವನ್ನು ಇಲ್ಲಿಗೆ ಇಳಿಸಿಕೊಂಡಾಗ ಸೋತವರ ಪಟ್ಟಿಗೆ ಹೋಗುವವರು ಇಷ್ಟೊಂದು ಮಂದಿ. ತಡವಾಗಿ ಪತ್ತೆಯಾಗುವುದು, ದೂರದ ಆಸ್ಪತ್ರೆ, ಅರ್ಧಕ್ಕೆ ನಿಂತ ಚಿಕಿತ್ಸೆ, ಇವೆಲ್ಲ ಅವರವರ ಹೋರಾಟದ ಕೊರತೆಯಾಗಿ ಲೆಕ್ಕಕ್ಕೆ ಬೀಳುತ್ತವೆ.

ಈ ಹಿನ್ನೆಲೆಯಲ್ಲಿ ಭಾರತಿ ಬಿ.ವಿ. ಅವರು ತಮ್ಮ ಸ್ತನ ಕ್ಯಾನ್ಸರ್ ಅನುಭವವನ್ನು ಕುರಿತು ಬರೆದ ಪುಸ್ತಕದ ಹೆಸರೇ ಒಂದು ವಿಮರ್ಶಾ ಸಾಮಗ್ರಿ: 'ಸಾಸಿವೆ ತಂದವಳು'. ಸಾವಿಲ್ಲದ ಮನೆಯ ಸಾಸಿವೆ ತರಲು ಹೋದ ಕಿಸಾಗೋತಮಿಯ ಕಥೆ ಕನ್ನಡದ ಓದುಗರಿಗೆಲ್ಲ ಗೊತ್ತು. ಆ ಕಥೆಯಲ್ಲಿ ಅವಳು ಬರಿಗೈಯಲ್ಲಿ ಮರಳುತ್ತಾಳೆ, ಇಲ್ಲಿ ತಂದಿದ್ದಾಳೆ. ಅಸಾಧ್ಯವಾದದ್ದನ್ನು ಸಾಧಿಸಿದವಳು ಎಂಬ ಗೆಲುವಿನ ಓದು ಸುಲಭಕ್ಕೆ ಒದಗುತ್ತದೆ, ಹೆಸರಿನಲ್ಲಿ ಅದಕ್ಕೆ ಅವಕಾಶವೂ ಇದೆ. ಆದರೆ ಆ ಹಳೆಯ ಕಥೆಯ ತಿರುಳು ಸಾಸಿವೆಯಲ್ಲಿಲ್ಲ, ಬಾಗಿಲುಗಳಲ್ಲಿದೆ. ಗೋತಮಿ ಪ್ರತಿ ಹೊಸಿಲಿನಲ್ಲೂ ನಿಂತು ಆ ಮನೆಯಲ್ಲಿ ಸತ್ತವರ ಸುದ್ದಿಯನ್ನು ಕೇಳುತ್ತಾಳೆ. ಬುದ್ಧನ ಉಪದೇಶಕ್ಕೆ ಮುಂಚೆಯೇ ಅವಳಿಗೆ ಸಮಾಧಾನವಾಗಿದ್ದರೆ ಅದು ಆ ಮನೆಗಳವರ ಮಾತಿನಿಂದ. ತನ್ನ ದುಃಖ ತನ್ನೊಬ್ಬಳದಲ್ಲವೆಂದು ಅವಳಿಗೆ ಯಾರೂ ಬೋಧಿಸಲಿಲ್ಲ. ಅವಳು ಸುತ್ತಾಡಿ ಕೇಳಿ ತಿಳಿದಳು. ಆ ಬಾಗಿಲುಗಳ ಮಾತನ್ನೇ ಅವಳು ಹೊತ್ತು ತಂದದ್ದು ಎಂದು ಓದಿದರೆ, ಗೆದ್ದವರ ಭಾಷೆಗೆ ಪರ್ಯಾಯವೊಂದು ಕನ್ನಡದ ನೆನಪಿನಲ್ಲಿಯೇ ಇದೆ.

ಇನ್ನೊಂದು ತೊಡಕು ಸಂಬೋಧನೆಯದು. ಇಂಗ್ಲಿಷಿನ ಈ ಬರಹಗಳಲ್ಲಿ ರೋಗಿಗಳು ಒಬ್ಬರಿಗೊಬ್ಬರು 'ಸಿಸ್ಟರ್'. ನಮ್ಮ ಆಸ್ಪತ್ರೆಗಳಲ್ಲಿ ಸಿಸ್ಟರ್ ಎಂದರೆ ನರ್ಸು. ಆ ಜಾಗ ಭರ್ತಿಯಾಗಿದೆ. ಸ್ತ್ರೀವಾದಿ ಚರ್ಚೆಗಳು ಕೊಟ್ಟ 'ಸೋದರಿತ್ವ' ಪುಸ್ತಕದ ಪದ, ವಾರ್ಡಿನಲ್ಲಿ ಕೂಗಿ ಕರೆಯಲು ಬರುವುದಿಲ್ಲ. ಕನ್ನಡಕ್ಕೆ 'ಕೆಳದಿ' ಎಂಬ ಪದವಿತ್ತು. ಅಕ್ಕಮಹಾದೇವಿಯ ವಚನಗಳಲ್ಲಿ ದೇಹದ ಸಂಕಟ ತೋಡಿಕೊಳ್ಳುವಾಗ ಅವ್ವಾ, ಅಕ್ಕಾ, ಕೆಳದಿ ಎಂದು ಹೆಣ್ಣಿನ ಕಡೆಗೆ ತಿರುಗುವ ಧ್ವನಿ ಮತ್ತೆ ಮತ್ತೆ ಕೇಳುತ್ತದೆ. ರಕ್ತಸಂಬಂಧವನ್ನು ಕೇಳದ, ಆದರೂ ಸಲುಗೆಯನ್ನು ಒಳಗೊಂಡ ಪದವದು. ಇಂದು ಅದು ನಿಘಂಟಿನಲ್ಲಿದೆ.

ಗಡಿಯಾಚೆಯ ಕನ್ನಡತಿಯರಿಗೆ ಈ ತೊಡಕು ಇಮ್ಮಡಿ. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ನರ್ಗಿಸ್ ದತ್ ಹೆಸರಿನ ಕ್ಯಾನ್ಸರ್ ಆಸ್ಪತ್ರೆಯಿದೆ. ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ 1987ರಲ್ಲಿ ಆರಂಭವಾದದ್ದು ಅಲ್ಲಿಯೇ. ಅಕ್ಕಲಕೋಟೆಯ ಅಥವಾ ಜತ್ತದ ಕನ್ನಡ ಮನೆಯ ಹೆಂಗಸು ಅಲ್ಲಿಗೋ ಮುಂಬಯಿಗೋ ಹೋದರೆ ವಾರ್ಡಿನ ಭಾಷೆ ಮರಾಠಿ. ಕಾಸರಗೋಡಿನವಳಿಗೆ ತಲಚೇರಿ, ತಿರುವನಂತಪುರಗಳಲ್ಲಿ ಅದು ಮಲಯಾಳ. ಮಂಗಳೂರು ಹತ್ತಿರವೇನೋ ಹೌದು, ಆದರೆ 2020ರ ಮಾರ್ಚಿನಲ್ಲಿ ಕರ್ನಾಟಕವು ಗಡಿಯ ರಸ್ತೆಗಳನ್ನು ಮುಚ್ಚಿದಾಗ ಆ ಹತ್ತಿರ ಎಷ್ಟು ದೂರವಾಗಬಲ್ಲುದೆಂದು ಎಲ್ಲರೂ ಕಂಡರು. ಇಂಥ ವಾರ್ಡುಗಳಲ್ಲಿ ವೈದ್ಯರ ಮಾತು ರೋಗಿಯನ್ನು ಮುಟ್ಟುವ ಮೊದಲು ಎರಡು ಭಾಷೆ ಬಲ್ಲ ಇನ್ನೊಬ್ಬ ರೋಗಿಯ ಬಾಯಲ್ಲಿ ಹಾದು ಬರುವುದು ಸಹಜ. ಇದನ್ನು ದುಭಾಷೆಯ ಕೆಲಸವೆಂದು ಯಾರೂ ಕರೆಯುವುದಿಲ್ಲ. ಅಲ್ಲಿ ಆಸರೆಯೂ ಅನುವಾದವೂ ಒಂದೇ ಕ್ರಿಯೆ.

ರೇಡಿಯೇಷನ್ ಎಂಬುದನ್ನೇ ನೋಡಬಹುದು. ಕನ್ನಡದ ಆಡುಮಾತಿನಲ್ಲಿ ಅದು 'ಕರೆಂಟು ಕೊಡುವುದು'. ಮಲಯಾಳದಲ್ಲಿಯೂ ಕರೆಂಟಿನ ಮಾತೇ ಇದೆ. ಆ ಪದ ಕಿವಿಗೆ ಬಿದ್ದ ಕೂಡಲೇ ತಂತಿ, ಆಘಾತ, ಸುಟ್ಟ ವಾಸನೆ ಕಣ್ಣಮುಂದೆ ಬರುತ್ತವೆ. ಮರಾಠಿಯಲ್ಲಿ ಅದೇ ಚಿಕಿತ್ಸೆಗೆ 'ಶೇಕ್' ಎನ್ನುತ್ತಾರೆ, ಉಳುಕಿದ ಕಾಲಿಗೆ ಬಿಸಿ ಬಟ್ಟೆಯ ಕಾವು ಕೊಡುವಾಗ ಬಳಸುವ ಪದ. ಕನ್ನಡದ 'ಶಾಖ' ಅರ್ಥದಲ್ಲಿಯೂ ಸದ್ದಿನಲ್ಲಿಯೂ ಅದಕ್ಕೆ ಹತ್ತಿರ. ಸೊಲ್ಲಾಪುರ ಸೀಮೆಯ ಕನ್ನಡತಿಗೆ ಮರಾಠಿಯ ಹೆಂಗಸು ಇದು ಶೇಕ್ ಎಂದರೆ ಅವಳು ಕೇಳಿಸಿಕೊಳ್ಳುವುದು ಬಾಣಂತಿಕೋಣೆಯ ಬಿಸಿಯನ್ನು. ವೈಜ್ಞಾನಿಕವಾಗಿ ಎರಡೂ ಪದಗಳು ಸರಿಯಲ್ಲ. ಚರ್ಮ ಕಪ್ಪಾಗುವುದನ್ನು, ಸಿಪ್ಪೆ ಏಳುವುದನ್ನು 'ಶೇಕ್' ಮರೆಮಾಚುತ್ತದೆ ಎಂದೂ ವಾದಿಸಬಹುದು. ಆದರೂ ಯಂತ್ರದ ಕೆಳಗೆ ಒಬ್ಬಳೇ ಮಲಗಬೇಕಾದವಳು ಯಾವ ಪದವನ್ನು ಜೊತೆಗೆ ಒಯ್ಯುತ್ತಾಳೆ ಎಂಬುದು ಸಣ್ಣ ಸಂಗತಿಯಲ್ಲ. ಹಾಗೆಯೇ ಮರಾಠಿಯವಳು ಗೌರವದಿಂದ 'ತಾಯಿ' ಎಂದು ಕರೆದರೆ ಅವಳ ಅರ್ಥ ಅಕ್ಕ. ಕನ್ನಡದ ಕಿವಿಗೆ ಕೇಳುವುದು ಅಮ್ಮ. ಈ ತಪ್ಪುಕೇಳುವಿಕೆಯಿಂದ ಯಾರಿಗೂ ನಷ್ಟವಿಲ್ಲ.

ಇಂಥ ಹಂಚಿಕೆಗೆ ಆ ಸೀಮೆಯಲ್ಲಿ ಹಳೆಯ ಮಾದರಿಯೂ ಇದೆ. ಹೇಮಾ ರಾಯಿರ್ಕರ್ ಮತ್ತು ಗೀ ಪ್ವಾತ್ವಾಂ ಅವರ ಶ್ರಮದಿಂದ ಲಕ್ಷಕ್ಕೂ ಹೆಚ್ಚು ಮರಾಠಿ ಬೀಸುಕಲ್ಲಿನ ಓವಿಗಳು ಸಂಗ್ರಹವಾಗಿವೆ; ಕನ್ನಡದ ಬೀಸುವ ಪದಗಳ ತ್ರಿಪದಿ ಅವುಗಳ ನೆರೆಯವಳು. ಕಲ್ಲಿನ ಎರಡು ಬದಿಗೆ ಎದುರುಬದುರಾಗಿ ಕೂತ ಇಬ್ಬರು ಒಂದೇ ಗೂಟ ಹಿಡಿದು, ಒಬ್ಬಳು ಬಿಟ್ಟ ಸಾಲನ್ನು ಇನ್ನೊಬ್ಬಳು ಎತ್ತಿಕೊಳ್ಳುವ ಆ ಪದ್ಧತಿಯಲ್ಲಿ ಯಾರೂ ಯಾರನ್ನೂ ಸಂತೈಸುವುದಿಲ್ಲ. ಕಲ್ಲಿನ ಭಾರ ಮಾತ್ರ ಇಬ್ಬರ ನಡುವೆ ಪಾಲಾಗುತ್ತದೆ. ಇಂದಿನ ವಾರ್ಡಿಗೆ ಅದನ್ನು ನೇರವಾಗಿ ತಂದು ಕೂರಿಸುವುದು ಭಾವುಕತೆಯಾದೀತು. ಬೀಸುಕಲ್ಲು ಹೋಗಿದೆ, ಅದರ ಹಾಡಿನಲ್ಲಿ ಅತ್ತೆಮನೆಯ ಕಷ್ಟಕ್ಕಿದ್ದ ಜಾಗ ಕೊಯ್ದುಹಾಕಿದ ಮೊಲೆಗೆ ಇತ್ತೆಂದು ಹೇಳಲಾಗದು. 'ಎದೆಯ ಗಂಟು' ಎನ್ನುವುದಕ್ಕಿಂತ ಮುಂದೆ ನಮ್ಮ ಮನೆಮಾತು ಇವತ್ತಿಗೂ ಹೋಗಲು ಹಿಂಜರಿಯುತ್ತದೆ. ಲಾರ್ಡ್ ಅವರ ಪುಸ್ತಕವನ್ನು ಕನ್ನಡಕ್ಕೆ ತರುವವರಿಗೆ ಮೊದಲ ಪುಟದಲ್ಲಿಯೇ ಎದುರಾಗುವುದು ಈ ಹಿಂಜರಿಕೆ: 'ಸ್ತನ' ಎಂದರೆ ವೈದ್ಯರ ವರದಿ, 'ಎದೆ' ಎಂದರೆ ಗಂಡಸಿಗೂ ಇರುವಂಥದು, 'ಮೊಲೆ' ಎಂದರೆ ಸಭ್ಯರು ತಲೆ ತಗ್ಗಿಸುತ್ತಾರೆ. ಲಾರ್ಡ್ ಬಯಸಿದ ನೇರಕ್ಕೆ ಸಲ್ಲುವುದು ಮೂರನೆಯದೇ.

ಬಾಯರ್ ಎತ್ತಿದ ಕಲಮಿನ ಪ್ರಶ್ನೆ ಇಲ್ಲಿಯೂ ಇದೆ. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯೊಂದಿಗೆ ಬಂದವರನ್ನು 'ಅಟೆಂಡರ್' ಎನ್ನುತ್ತಾರೆ, ಅವರ ಹೆಸರಿನ ಎದುರು ಸಂಬಂಧ ಏನೆಂದು ಬರೆಸಿಕೊಳ್ಳುತ್ತಾರೆ: ಗಂಡ, ಮಗ, ತಾಯಿ, ನಾದಿನಿ. ಕೀಮೋ ಇಳಿಯುತ್ತಿರುವಾಗ ತನ್ನ ಕೈಗೂ ಸೂಜಿ ಚುಚ್ಚಿಸಿಕೊಂಡು ಪಕ್ಕದಲ್ಲಿ ಕೂತು, ವೈದ್ಯರು ಏನೆಂದರೆಂದು ಕನ್ನಡದಲ್ಲಿ ಬಿಡಿಸಿ ಹೇಳಿದವಳ ಹೆಸರು ಆ ಕಾಗದದಲ್ಲಿ ಎಲ್ಲಿಯೂ ಬರುವುದಿಲ್ಲ.